ಗೋರಿಗುಡ್ಡದ ಏರಿನಲ್ಲಿ ಮಾತು

ಹಾಗಾದರೆ ಬೆವರೂ ಸುಳ್ಳು ಹೇಳುತ್ತದೆಯೇ? ಬದುಕಿಡೀ ಕುದುರೆಗಳ ಬೆವರನ್ನು ನಂಬಿ ನಡೆದವನಿಗೆ ತನ್ನ ಮೈಯ ಬೆವರು ಮಾತ್ರ ಯಾಕೆ ಅರ್ಥವಾಗುತ್ತಿಲ್ಲ? ಎಸೆನ್‌ಕುಲ್ ಕುತ್ತಿಗೆಗೆ ಬೆರಳು ಹಾಕಿ ಒರೆಸಿ, ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದ. ನಾಲಗೆಗೆ ಮುಟ್ಟಿಸಿದ. ಉಪ್ಪು, ಅಂಟು. ಚಳಿಗಾಲವಿಡೀ ಕಟ್ಟಿಹಾಕಿದ ಕುದುರೆಯನ್ನು ಮೊದಲ ಸಲ ಓಡಿಸಿದಾಗ ಬರುವಂಥ ಕಪ್ಪು ಬೆವರು ಇದು. ದಿನ ಕಳೆದಂತೆ ತಿಳಿಯಾಗುತ್ತ ಬಂದು, ಕೊನೆಗೆ ಒರತೆಯ ನೀರಿನ ಹಾಗೆ ಹನಿಯಬೇಕು. ಅಲ್ಲಿಯತನಕ ಕುದುರೆಯನ್ನು ಪಂದ್ಯಕ್ಕೆ ಬಿಡಬಾರದು. ಮನುಷ್ಯನಿಗೂ ಇದೇ ಲೆಕ್ಕವೋ, ಬೇರೆಯೋ? ಬೇರೆಯಾಗಿದ್ದರೆ, ಇಷ್ಟು ದಿನ ತಾನು ತಿಳಿದುಕೊಂಡದ್ದಾದರೂ ಏನು?

ಅವನ ಮೈಮೇಲೆ ಹತ್ತಿ ತುಂಬಿದ ಉದ್ದನೆಯ ನಿಲುವಂಗಿ ಇತ್ತು. ಅದರ ಮೇಲೆ ಕುದುರೆಗೆ ಹೊದಿಸುವ ಕಂಬಳಿ, ಸೊಂಟಕ್ಕೆ ಹಗ್ಗ. ಹಿತ್ತಿಲಿನಿಂದ ಗೋರಿಗುಡ್ಡದ ಬುಡದವರೆಗೆ ಓಡಿ, ತಿರುಗಿ, ಮತ್ತೆ ಓಡುತ್ತಿದ್ದ. ಫೆಬ್ರವರಿಯಲ್ಲಿ ಎದೆ ಹಿಡಿದುಕೊಂಡು ಕುದುರೆಲಾಯದಲ್ಲಿ ಬಿದ್ದಿದ್ದ. ರಾಜಧಾನಿ ಬಿಷ್ಕೆಕ್‌ನಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಕಳಿಸಿದ್ದರು. ಈಗ ಏಪ್ರಿಲ್. ಅಟ್‌-ಬಾಶಿಯ ಓಣಿಗಳಲ್ಲಿ ಹಿಮ ಕರಗಿ ಕೆಸರಾಗಿತ್ತು. ಇನ್ನು ಕೆಲವು ವಾರಗಳಲ್ಲಿ ಊರಿನ ಅರ್ಧ ಜನ ಗುಡಾರ ಕಟ್ಟಿಕೊಂಡು ಅರ್ಪಾದ ಬೇಸಿಗೆಯ ಹುಲ್ಲುಗಾವಲಿಗೆ ಹೊರಡುತ್ತಾರೆ. ಹೊರಡುವವರಲ್ಲಿ ತಾನಿಲ್ಲ ಎಂದರೆ, ತಾನು ಎಲ್ಲಿಯೂ ಇಲ್ಲ ಎಂದೇ ಅವನಿಗನಿಸುತ್ತಿತ್ತು.

ಗುಡ್ಡದ ಬುಡದಲ್ಲಿ ಕಣ್ಣು ಕತ್ತಲೆ ಬಂತು. ಕಲ್ಲಿನ ಮೇಲೆ ಕುಳಿತ. ಹೆಂಡತಿ ಬುರುಲ್ ಅಲ್ಲಿಗೇ ಓಡಿ ಬಂದಳು, ಕೈಯಲ್ಲಿ ಇನ್ನೂ ಹಿಟ್ಟು.

"ರೀ! ಏನ್ರೀ ಇದು ವೇಷ? ಕುದುರೆ ಕಂಬಳಿ ಹೊದ್ಕೊಂಡು ಯಾವ ಪಂದ್ಯಕ್ಕೆ ಹೊರಟ್ರಿ?"

"ಬೆವರು ತೆಗೀತಿದ್ದೆ."

"ಬೆವರು ತೆಗೀತಿದ್ರಂತೆ! ಬಾಲಾನೂ ಹೆಣೆದು ಕಟ್ಲಾ? ಏಳಿ ಮೇಲೆ. ಈಗಿಂದೀಗ್ಲೇ ಡಾಕ್ಟರಮ್ಮನ ಹತ್ರ."

ಜಿಲ್ಲಾ ಆಸ್ಪತ್ರೆಯ ಡಾಕ್ಟರ್ ಮಯ್ರಾಮ್ ಅದೇ ಊರಿನ ಹುಡುಗಿ, ಓದಿಗಾಗಿ ಹೊರಗೆ ಹೋಗಿ ಮರಳಿ ಬಂದವಳು. ಕಂಬಳಿಯ ಕಥೆ ಕೇಳಿ ನಗಲಿಲ್ಲ, ಬೈಯಲೂ ಇಲ್ಲ. ಮಲಗಿಸಿ, ಎದೆಗೆ ತಣ್ಣಗಿನ ಲೋಳೆ ಹಚ್ಚಿ, ಎಕೋ ಯಂತ್ರದ ಪರದೆಯನ್ನು ಅವನ ಕಡೆ ತಿರುಗಿಸಿದಳು.

"ನೋಡಿ ಅಣ್ಣಾ. ಇದು ನಿಮ್ದೇ."

ಎಸೆನ್‌ಕುಲ್ ಹೃದಯಗಳನ್ನು ನೋಡದವನಲ್ಲ. ಕುರಿಯದು, ಹಸುವಿನದು, ಚಳಿಗಾಲಕ್ಕೆಂದು ಕೊಯ್ದ ಕುದುರೆಯದು. ಬೋಗುಣಿಯಲ್ಲಿ ಬಿಸಿಯಾಗಿ ಬಿದ್ದಿರುತ್ತಿದ್ದ, ಮುಷ್ಟಿಗಿಂತ ದೊಡ್ಡದಾದ, ಕೆಲಸ ಮುಗಿಸಿದ ಮಾಂಸದ ಮುದ್ದೆಗಳು. ಕೆಲಸ ಮಾಡುತ್ತಿರುವ ಹೃದಯವನ್ನು ಅವನು ಕಂಡಿರಲಿಲ್ಲ. ಬೂದು ಬಣ್ಣದ ಕತ್ತಲೆಯಲ್ಲಿ ಅದು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಒಳಗೆ ಎರಡು ತೆಳ್ಳನೆಯ ಎಸಳುಗಳು ಪ್ರತಿ ಸಲವೂ ಸೋಕಿ ದೂರವಾಗುತ್ತಿದ್ದವು. ಯಾರೂ ಹೇಳದೆ, ಯಾರೂ ನೋಡದೆ, ತಾನು ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಇದು ಹೀಗೇ ಮಾಡುತ್ತಿದೆ. ತಾನು ನಿದ್ದೆ ಹೋದಾಗ, ಕುಡಿದಾಗ, ಅಪ್ಪನನ್ನು ಮಣ್ಣು ಮಾಡಿ ಬಂದಾಗ, ಯಾವಾಗಲೂ. ಅವನಿಗೆ ಎದ್ದು ಕುಳಿತು ಅದಕ್ಕೊಂದು ಸಲಾಂ ಹೇಳಬೇಕೆನಿಸಿತು. ಹಿರಿಯರೊಬ್ಬರು ತನ್ನ ಮನೆಯಲ್ಲೇ ಇದ್ದು, ಇಷ್ಟು ವರ್ಷ ಮುಖ ಎತ್ತಿ ನೋಡಿರದಂಥ ನಾಚಿಕೆ.

"ಈ ಮೂಲೆ ನೋಡಿ," ಎಂದಳು ಮಯ್ರಾಮ್. ಗೋಡೆಯ ಒಂದು ಕಡೆ ಅಲುಗಾಟ ಕಡಿಮೆ. ಉಳಿದದ್ದೆಲ್ಲ ಒಟ್ಟಿಗೆ ಎಳೆಯುತ್ತಿದ್ದರೆ ಅಲ್ಲಿ ಮಾತ್ರ ಒಂದು ಮೌನ. "ಫೆಬ್ರವರೀಲಿ ಪೆಟ್ಟು ಬಿದ್ದ ಜಾಗ. ಸುತ್ತ ಇರೋದು ಈಗ ಅದರ ಕೆಲಸಾನೂ ಕಲೀಬೇಕು. ಕಲಿಯುತ್ತೆ. ಆದ್ರೆ ಬೆವರು ಇಳಿಸಿ ಕಲಿಸೋಕಾಗಲ್ಲ. ಕಂಬಳಿ ಹೊದ್ರೆ ಕೂತಲ್ಲೇ ಬೆವರು ಬರುತ್ತೆ. ಮೈಯಿನ ನೀರು ಹೋಯ್ತು ಅಷ್ಟೇ, ಎದೆಗೇನು ಬಂತು?"

"ಮತ್ತೆ ನಾಡಿ ಹಿಡಿದು ನೋಡ್ಕೊಳ್ಲಾ?"

"ಬೇರೆಯವರಿಗೆ ಅದು ಸರಿ. ನಿಮಗೆ ಕೊಟ್ಟಿರೋ ಮಾತ್ರೆ ನಾಡಿಗೆ ಲಗಾಮು ಹಾಕಿಟ್ಟಿದೆ, ನೀವು ಎಷ್ಟು ದಣಿದ್ರೂ ಅದು ಜೋರಾಗಿ ಓಡಲ್ಲ. ಅದನ್ನ ನಂಬ್ಕೊಂಡು ಓಡಿದ್ರೆ ಬೀಳ್ತೀರಿ. ನಾಲಗೆ ನಂಬಿ."

ಅವನು ಅರ್ಥವಾಗದೆ ನೋಡಿದ.

"ನಡೀವಾಗ ಹಾಡೋಕಾದ್ರೆ ಅದು ಹಗುರ ನಡಿಗೆ. ಕೂತಿರೋದಕ್ಕಿಂತ ಒಳ್ಳೇದು, ಆದ್ರೆ ಎದೆಗೆ ಹೊಸದೇನೂ ಕಲಿಸಲ್ಲ. ಮಾತಾಡೋಕಾಗ್ಬೇಕು, ಹಾಡೋಕೆ ಉಸಿರು ಸಾಲಬಾರದು. ಅದು ನಡುವಿನದು, ಅದೇ ನಿಮ್ಮ ಔಷಧಿ. ವಾರದಲ್ಲಿ ಹೆಚ್ಚಿನ ದಿನ, ಅರ್ಧ ಗಂಟೆ. ಎರಡು ಮಾತಿಗೊಂದು ಸಲ ಉಸಿರು ಎಳ್ಕೋಬೇಕು ಅಂದ್ರೆ ಅದು ಬಿರುಸು. ಗಟ್ಟಿ ಎದೆಯವರಿಗೆ ಅದರಲ್ಲಿ ಅರ್ಧ ಹೊತ್ತಿಗೇ ಅಷ್ಟೇ ಫಲ ಸಿಗುತ್ತೆ. ನಿಮಗೆ ಈಗ ಬೇಡ."

ಎಸೆನ್‌ಕುಲ್ ಚಾವಣಿ ನೋಡುತ್ತ ಯೋಚಿಸಿದ. ನಡಿಗೆ, ಜೋರ್ಗೊ, ನಾಗಾಲೋಟ. ಜೋರ್ಗೊ ಎಂದರೆ ಕುದುರೆ ಒಂದು ಕಡೆಯ ಎರಡು ಕಾಲನ್ನು ಒಟ್ಟಿಗೆ ಎತ್ತಿಡುತ್ತ, ಮೇಲೆ ಕುಳಿತವನನ್ನು ಅಲುಗಿಸದೆ, ದಿನವಿಡೀ ಸಾಗುವ ಹೆಜ್ಜೆ.

"ಜೋರ್ಗೊ," ಎಂದ ಮೆಲ್ಲಗೆ.

ಮಯ್ರಾಮ್ ಈಗ ನಕ್ಕಳು. "ಹೂಂ, ಜೋರ್ಗೊ! ನಮ್ಮಜ್ಜ ಜೋರ್ಗೊ ಮೇಲೆ ಕೂತು ಚಹಾ ಕುಡೀತಿದ್ರು, ಒಂದು ಹನಿ ಚೆಲ್ತಿರಲಿಲ್ಲ. ಅದೇ ವೇಗ. ರಕ್ತದ ಒತ್ತಡ ಇಳಿಯುತ್ತೆ, ಸಕ್ಕರೆ ಹತೋಟೀಲಿರುತ್ತೆ, ನಿದ್ದೆ ಬರುತ್ತೆ. ಎದೆ ಒಂದು ಬಡಿತಕ್ಕೆ ಈಗಿನದಕ್ಕಿಂತ ಹೆಚ್ಚು ರಕ್ತ ನೂಕೋದನ್ನ ಕಲಿಯುತ್ತೆ."

"ಅರ್ಪಾ?"

ಅವಳು ಯಂತ್ರ ಆರಿಸಿದಳು. "ಅಲ್ಲಿ ಗಾಳಿ ತೆಳು. ಏನಾದ್ರೂ ಆದ್ರೆ ಇಲ್ಲಿಗೆ ಬರೋಕೆ ಅರ್ಧ ದಿನ. ಹೊರಡೋ ಮುಂಚೆ ಬನ್ನಿ. ಗೋರಿಗುಡ್ಡದ ಏರನ್ನ ನಿಲ್ಲದೆ, ಮಾತಾಡ್ತಾ ಹತ್ತೋಕಾಯ್ತಾ ಅಂತ ಕೇಳ್ತೀನಿ. ಆಯ್ತು ಅಂದ್ರೆ ಇಲ್ಲೂ ಒಂದು ಪರೀಕ್ಷೆ ಮಾಡಿ ಕಳಿಸ್ತೀನಿ. ಆಗಲಿಲ್ಲ ಅಂದ್ರೆ ಈ ಬೇಸಿಗೆ ಕೆಳಗೇ. ನಿಮ್ಮ ಮಾತಿನ ಮೇಲೇ ಬಿಡ್ತಿದ್ದೀನಿ, ಅಣ್ಣಾ."

ಬುರುಲ್ ಬಾಗಿಲಲ್ಲಿ ನಿಂತಿದ್ದಳು. "ಅಲ್ಲಾ ಡಾಕ್ಟರಮ್ಮಾ, ನಮ್ಮನೇರು ಮಾತಾಡ್ಲಿಲ್ಲ ಅಂದ್ರೆ ದಣಿದಿದಾರೆ ಅಂತಾನಾ? ಹಂಗಾದ್ರೆ ಇವರು ಮದುವೆ ದಿನದಿಂದ ದಣಿದೇ ಇದಾರೆ."

"ಜೊತೆಗೆ ಯಾರನ್ನಾದ್ರೂ ಕರ್ಕೊಳ್ಳಿ. ಮಾತಾಡ್ಸೋ ಅಂಥವರನ್ನ."

ಮಾತಾಡಿಸುವವರು ಎಂದರೆ ಇಡೀ ಅಟ್‌-ಬಾಶಿಯಲ್ಲಿ ಬೀಗ ಶೇರ್‌ಗಾಜಿಯನ್ನು ಬಿಟ್ಟು ಇನ್ನಾರು? ಅವನ ಮಗಳು ಎಸೆನ್‌ಕುಲ್‌ನ ಸೊಸೆ. ಇಬ್ಬರೂ ಪಂದ್ಯದ ಕುದುರೆ ಪಳಗಿಸುವವರು. ಸಂಬಂಧ ಬೆಳೆಯುವ ಮೊದಲೇ ಎದುರಾಳಿಗಳು. ಬಿಷ್ಕೆಕ್ ಆಸ್ಪತ್ರೆಯಲ್ಲಿ ಎಸೆನ್‌ಕುಲ್‌ಗೆ ಎಚ್ಚರವಾದಾಗ ಮೊದಲು ಕೇಳಿಸಿದ್ದೇ, ನರ್ಸಿಗೆ ತನ್ನ ಕಂದು ಕುದುರೆಯ ಗೆಲುವನ್ನು ವಿವರಿಸುತ್ತಿದ್ದ ಶೇರ್‌ಗಾಜಿಯ ದನಿ.

ಮರುದಿನ ಬೆಳಿಗ್ಗೆಯೇ ಶೇರ್‌ಗಾಜಿ ಹಿತ್ತಿಲ ಬಾಗಿಲಿಗೆ ಬಂದು ನಿಂತ. ದೊಡ್ಡ ಹೊಟ್ಟೆ, ಕೆಂಪು ಕೆನ್ನೆ, ಕಿವಿಯ ಮೇಲೆ ಓರೆಯಾದ ಬಿಳಿ ಟೋಪಿ.

"ಏನ್ ಬೀಗ್ರೇ, ಕಂಬಳಿ ಎಲ್ಲಿ? ಊರೆಲ್ಲಾ ಹೇಳ್ತಿದೆ, ಎಸೆನ್‌ಕುಲ್ ಮನೇಲಿ ಹೊಸ ಗಂಡು ಕುದುರೆ ಬಂದಿದೆ, ಮೀಸೆ ಇದೆ ಅಂತ!"

"ಹೂಂ."

"ಹೂಂ ಅಂದ್ರೆ ಲೆಕ್ಕಕ್ಕಿಲ್ಲ. ಡಾಕ್ಟರಮ್ಮ ಹೇಳಿದಾಳೆ, ಮಾತು ಬರಬೇಕು. ಹೇಳಿ, ನನ್ನ ಕಂದು ಕುದುರೆ ಆ ವರ್ಷ ಹೇಗೆ ಗೆದ್ದಿತು?"

ಎಸೆನ್‌ಕುಲ್ ಹತ್ತು ಹೆಜ್ಜೆ ನಡೆದ. "ಉಳಿದ ಕುದುರೆ ದಾರಿ ತಪ್ಪಿದ್ವು."

ಶೇರ್‌ಗಾಜಿ ಅಲ್ಲೇ ನಿಂತು ತೊಡೆ ತಟ್ಟಿ ನಕ್ಕ. "ನೋಡಿದ್ರಾ! ಮಾತಾಡೋಕಾಗುತ್ತೆ! ಎದೆ ಗಟ್ಟಿ ಇದೆ, ನಾಲಗೇಲಿ ವಿಷಾನೂ ಇದೆ!"

ಹೀಗೆ ಶುರುವಾಯಿತು. ಮೊದಲು ಹೊಳೆಯ ಪಕ್ಕದ ಮಟ್ಟಸ ದಾರಿ, ಆಮೇಲೆ ಗೋರಿಗುಡ್ಡದ ಬುಡ, ಆಮೇಲೆ ಏರು. ಆ ಏರಿನ ನಡುವೆ ಊರಿನ ಸತ್ತವರೆಲ್ಲ ಮಲಗಿದ್ದರು. ಮಣ್ಣಿನ ಇಟ್ಟಿಗೆಯ ಗೋರಿಗಳು, ಕೆಲವಕ್ಕೆ ಗುಮ್ಮಟ, ಕೆಲವಕ್ಕೆ ತಗಡಿನ ಚಂದ್ರ. ದಾರಿ ಅವುಗಳ ಪಕ್ಕದಲ್ಲೇ ಹಾದು ತುದಿಗೆ ಹೋಗುತ್ತಿತ್ತು. "ಬಿದ್ರೆ ದೂರ ಹೊತ್ಕೊಂಡು ಹೋಗೋ ತಾಪತ್ರಯ ಇಲ್ಲ ಬೀಗ್ರೇ, ಡಾಕ್ಟರಮ್ಮ ಯೋಚಿಸೇ ಜಾಗ ಹೇಳಿದಾಳೆ," ಎನ್ನುತ್ತಿದ್ದ ಶೇರ್‌ಗಾಜಿ. ಆದರೆ ಮೊದಲ ಗೋರಿಯ ಹತ್ತಿರ ಬಂದೊಡನೆ ಅವನ ದನಿ ಬದಲಾಗುತ್ತಿತ್ತು. ಅಂಗೈಗಳನ್ನು ಎತ್ತಿ, ಗಟ್ಟಿಯಾಗಿ, ಎದುರಿನ ಬೆಟ್ಟಕ್ಕೂ ಕೇಳುವ ಹಾಗೆ ಪ್ರಾರ್ಥನೆ ಹೇಳಿ, ಕೈಗಳನ್ನು ಮುಖದ ಮೇಲೆ ಸವರಿಕೊಂಡು "ಓಮಿನ್" ಎನ್ನುತ್ತಿದ್ದ. ಎಸೆನ್‌ಕುಲ್ ಅವನೊಂದಿಗೆ ತುಟಿ ಅಲುಗಿಸುತ್ತಿದ್ದ.

ಮೊದಮೊದಲು ಎಸೆನ್‌ಕುಲ್‌ನ ಮಾತು ಗೋರಿಗಳಿಗಿಂತ ಎಷ್ಟೋ ಕೆಳಗೆ, ಒಂದು ಸೀಳಿದ ಬಂಡೆಯ ಬಳಿಯೇ ತುಂಡಾಗುತ್ತಿತ್ತು. ಒಂದು ಶಬ್ದ ಬಾಯಿಂದ ಹೊರಟು, ಅದರ ಜೊತೆಯದು ಗಂಟಲಲ್ಲೇ ಉಳಿಯುತ್ತಿತ್ತು. ಆಗ ನಿಧಾನಿಸುತ್ತಿದ್ದ. ಮಾತು ಕೂಡಿಕೊಳ್ಳುತ್ತಿತ್ತು. ಮತ್ತೆ ಹೆಜ್ಜೆ ಬೀಸುತ್ತಿದ್ದ. ತನ್ನ ಮೈಗೆ ತಾನೇ ಲಗಾಮು ಹಿಡಿದು, ಜೋರ್ಗೊ ಹೆಜ್ಜೆಯಿಂದ ಆಚೆಗೂ ಹೋಗದಂತೆ, ಈಚೆಗೂ ಜಾರದಂತೆ ನಡೆಸುವುದು ಎಂಥ ಸೂಕ್ಷ್ಮದ ಕೆಲಸ! ಕುದುರೆಯ ಮೇಲೆ ಕುಳಿತು ಇದನ್ನು ಎಷ್ಟೋ ಸಲ ಮಾಡಿದ್ದ. ಒಳಗಿನಿಂದ ಮಾಡಿರಲಿಲ್ಲ.

ಮೇ ತಿಂಗಳಿನ ಒಂದು ಬೆಳಿಗ್ಗೆ, ಯಾವುದೋ ಮರಿಗುದುರೆಯ ಹಲ್ಲಿನ ಬಗ್ಗೆ ವಾದಿಸುತ್ತ ನಡೆಯುತ್ತಿದ್ದವನು ತಲೆಯೆತ್ತಿ ನೋಡಿದರೆ ಸೀಳಿದ ಬಂಡೆ ಹಿಂದೆ ಬಿದ್ದಿತ್ತು. ಯಾವಾಗ ದಾಟಿದೆನೆಂಬುದು ಅವನಿಗೇ ಗೊತ್ತಿರಲಿಲ್ಲ. ಅವನು ಆ ದಿನ ಮನೆಗೆ ಬಂದು, ಚಹಾದ ಬಟ್ಟಲು ಕೈಯಲ್ಲಿ ಹಿಡಿದು ಕುಳಿತ. ಕಣ್ಣಿಗೆ ಕಾಣದ ಆ ಎರಡು ಎಸಳು, ಆ ಗೋಡೆ, ಮೌನವಾಗಿದ್ದ ಮೂಲೆಯ ಸುತ್ತಲಿನದೆಲ್ಲ, ತನಗೆ ತಿಳಿಸದೆ ಕಲಿಯುತ್ತಿವೆ. ಮೊಮ್ಮಕ್ಕಳನ್ನು ಕಂಡವನ ಎದೆಯೊಳಗೆ ಒಂದು ಮರಿಗುದುರೆ ಹೆಜ್ಜೆ ಕಲಿಯುತ್ತಿದೆ. ಯಾರಿಗಾದರೂ ಹೇಳಬೇಕೆನಿಸಿತು. ಬುರುಲ್ ಹತ್ತಿರವೇ ರೊಟ್ಟಿ ಮುರಿಯುತ್ತಿದ್ದಳು. ಆದರೆ ಪಳಗುತ್ತಿರುವ ಕುದುರೆಯನ್ನು ಅವರ ಕಸುಬಿನವರು ಹೊಗಳುವುದಿಲ್ಲ, ಅದರ ಊನವನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ದೃಷ್ಟಿಯ ಹಾಗೆ ನಾಲಗೆಯೂ ತಾಗುತ್ತದೆ ಎಂದು ಹೆದರುತ್ತಾರೆ. ಹೇಗಿದೆ ಕುದುರೆ ಎಂದು ಕೇಳಿದರೆ, ಇದೆ, ಎನ್ನುತ್ತಾರೆ.

"ಹೇಗಿದೆ ಎದೆ?" ಎಂದು ಬುರುಲ್ ಕೇಳಿದಳು.

"ಇದೆ," ಎಂದ.

ಅದಾದ ಕೆಲವು ದಿನಕ್ಕೆ ಏರಿನ ನಡುವೆ ಶೇರ್‌ಗಾಜಿ ಬೂಟಿನ ದಾರ ಕಟ್ಟಲು ಬಗ್ಗಿದ. ಕಟ್ಟಿ ಮುಗಿದ ಮೇಲೂ ಏಳಲಿಲ್ಲ.

"ದಣಿವಾಯ್ತಾ, ಬೀಗ್ರೇ?" ಎಂದ ಎಸೆನ್‌ಕುಲ್. ಬೇರೇನೂ ಮನಸ್ಸಿನಲ್ಲಿರಲಿಲ್ಲ.

ಶೇರ್‌ಗಾಜಿಯ ಮುಖ ಕಪ್ಪಿಟ್ಟಿತು. "ನನಗಾ? ನನಗೆ ದಣಿವಾ? ಸ್ಟೆಂಟ್ ಹಾಕಿಸ್ಕೊಂಡಿರೋರು ನೀವೋ ನಾನೋ?" ಎಂದವನೇ ಹೊಟ್ಟೆ ಕುಲುಕಿಸುತ್ತ ಏರನ್ನು ಓಡಿಯೇ ಹತ್ತಿದ. ಮೇಲೆ ನಿಂತು ಟೋಪಿ ಬೀಸಿದ. ಎಸೆನ್‌ಕುಲ್ ಬರುವ ಹೊತ್ತಿಗೆ ಅವನು ಬೆನ್ನು ತಿರುಗಿಸಿ ಕಣಿವೆ ನೋಡುತ್ತಿದ್ದ, ಮುಖ ತೋರಿಸಲಿಲ್ಲ. ಎಸೆನ್‌ಕುಲ್‌ಗೆ ಪಶ್ಚಾತ್ತಾಪವಾಯಿತು. ಬೀಗರ ನಡುವೆ ಕುದುರೆಯನ್ನು ಹಂಗಿಸಬಹುದು, ಮನೆಯ ರೊಟ್ಟಿಯನ್ನು ಹಂಗಿಸಬಹುದು, ಮೈಯನ್ನು ಹಂಗಿಸಬಾರದು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಆಸ್ಪತ್ರೆಗೆ ಹೋಗಬೇಕಾದ ದಿನ ಬಂತು. ಊರಿನ ಅಂಗಳಗಳಲ್ಲಿ ಗುಡಾರದ ಕೋಲುಗಳನ್ನು ಲಾರಿಗೆ ಹೇರುತ್ತಿದ್ದರು. ಹಿಮದ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಎಸೆನ್‌ಕುಲ್ ಅಂಗಿಯ ಕೊರಳ ಗುಂಡಿ ಹಾಕಿಕೊಂಡ.

"ಇವತ್ತು ನಾನು ಸಾಕ್ಷಿ," ಎಂದ ಶೇರ್‌ಗಾಜಿ. "ನೀವು ಹತ್ತಿದ್ರಿ ಅಂತ ಡಾಕ್ಟರಮ್ಮನ ಮುಂದೆ ಕುರಾನ್ ಮುಟ್ಟಿ ಹೇಳ್ತೀನಿ. ಆದ್ರೆ ಅರ್ಪಾದಲ್ಲಿ ಮೊದಲ ಕುಮಿಸ್ ನನಗೆ. ನಿಮ್ಮ ಬಿಳಿ ಹೆಣ್ಣುಕುದುರೆ ಹಾಲಿಂದು. ಹುಳಿ ಬಂದಿರ್ಬೇಕು, ನೀರು ಬೆರೆಸಿರ್ಬಾರ್ದು, ನಿಮ್ಮ ಅಭ್ಯಾಸ ನನಗೆ ಗೊತ್ತು."

ಏರು ಶುರುವಾಯಿತು. ಆ ದಿನ ಎಸೆನ್‌ಕುಲ್‌ಗೆ ಏನಾಗಿತ್ತೋ, ಮಾತು ತಾನಾಗಿಯೇ ಬಂತು. ತಾನು ಹುಡುಗನಾಗಿದ್ದಾಗ ಅರ್ಪಾದಲ್ಲಿ, ಬೇಸಿಗೆಯ ನಡುವೆ ಹಿಮಗಾಳಿ ಎದ್ದು, ಆಗ ತಾನೇ ಹುಟ್ಟಿದ ಕುರಿಮರಿಯನ್ನು ಅಪ್ಪ ತನ್ನ ಅಂಗಿಯೊಳಗೆ ಹಾಕಿಕೊಂಡು ಬಂದದ್ದು. ಅಪ್ಪನ ಎದೆಗೆ ಕಿವಿಯಿಟ್ಟರೆ ಎರಡು ಬಡಿತ ಕೇಳಿಸಿದ್ದು. ಒಂದು ನಿಧಾನ, ಒಂದು ಚುರುಕು. ಈ ಕಥೆಯನ್ನು ಅವನು ಬುರುಲ್‌ಗೂ ಹೇಳಿರಲಿಲ್ಲ. ಸೀಳಿದ ಬಂಡೆ ಹೋಯಿತು. ಉಸಿರು ಆಳಕ್ಕಿಳಿದು ಬರುತ್ತಿತ್ತು, ಮಾತಿಗೆ ಬೇಕಾದಷ್ಟು ಕೊಟ್ಟು ಕಾಲಿಗೆ ಬೇಕಾದಷ್ಟು ಉಳಿಸಿಕೊಳ್ಳುತ್ತಿತ್ತು. ಕಾಲು, ಉಸಿರು, ಬಡಿತ ಮೂರೂ ಒಂದು ಹೆಜ್ಜೆಗೆ ಬಂದಿದ್ದವು. ಅಂಥ ಕುದುರೆಯ ಮೇಲೆ ಕುಳಿತಾಗ ಲಗಾಮು ಸಡಿಲ ಬಿಟ್ಟು ಆಕಾಶ ನೋಡಬೇಕೆನಿಸುತ್ತದೆ. ನೋಡಿದ. ಎತ್ತರದಲ್ಲಿ ಹದ್ದೊಂದು ರೆಕ್ಕೆ ಬಡಿಯದೆ ತೇಲುತ್ತಿತ್ತು. ಅರ್ಪಾ ತನ್ನದು ಎಂದು ಆ ಕ್ಷಣ ಗೊತ್ತಾಯಿತು.

ಕಥೆ ಮುಗಿಯಿತು. ಆಗ ಅವನಿಗೆ ಕೇಳಿಸಿತು: ಏನೂ ಕೇಳಿಸುತ್ತಿಲ್ಲ.

ಶೇರ್‌ಗಾಜಿ ಒಮ್ಮೆಯೂ ನಡುವೆ ಬಾಯಿ ಹಾಕಿರಲಿಲ್ಲ. ಸುಳ್ಳು ಬಿಡಬೇಡಿ ಬೀಗ್ರೇ, ಎಂದಿರಲಿಲ್ಲ. ತನ್ನ ಅಪ್ಪ ಎರಡು ಮರಿ ಹೊತ್ತು ತಂದಿದ್ದ, ಎಂದಿರಲಿಲ್ಲ. ತನ್ನ ಮೌನಕ್ಕೆ ಬದುಕಿಡೀ ಒಗ್ಗಿಹೋಗಿದ್ದ ಎಸೆನ್‌ಕುಲ್ ಇನ್ನೊಬ್ಬನ ಮೌನವನ್ನು ಇಷ್ಟು ಹತ್ತಿರದಿಂದ ಕೇಳಿರಲಿಲ್ಲ. ಅದು ತನ್ನದರ ಹಾಗಿರಲಿಲ್ಲ. ಹೇಳುವುದು ಇದ್ದೂ ಹೇಳಲಾಗದೆ ಒಳಗೇ ಒದ್ದಾಡುವ ಮೌನ.

ಮೊದಲ ಗೋರಿ ಬಂತು. ಶೇರ್‌ಗಾಜಿ ಅಂಗೈ ಎತ್ತಿದ. ತುಟಿ ಅಲುಗಿತು. ದನಿ ಬರಲಿಲ್ಲ. ಕೈಗಳು ಮುಖದ ಮೇಲೆ ಇಳಿದವು, ಓಮಿನ್ ಎಂಬ ಶಬ್ದವೂ ಇಲ್ಲದೆ.

ಎಸೆನ್‌ಕುಲ್ ಓರೆಗಣ್ಣಿನಲ್ಲಿ ನೋಡಿದ. ಬೀಗನ ತುಟಿಯ ಸುತ್ತ ಬೂದಿಯ ಬಣ್ಣ. ಎಡಗೈ ದವಡೆಯನ್ನು ಉಜ್ಜುತ್ತಿತ್ತು. ಇಷ್ಟು ತಣ್ಣನೆಯ ಗಾಳಿಯಲ್ಲಿ ಹಣೆಯ ಮೇಲೆ ಬೆವರು ಹನಿಹನಿಯಾಗಿ ನಿಂತಿತ್ತು. ಫೆಬ್ರವರಿಯ ಆ ಬೆಳಿಗ್ಗೆ ಕುದುರೆಲಾಯದಲ್ಲಿ ತಾನೂ ಹಲ್ಲುನೋವೆಂದುಕೊಂಡು ದವಡೆ ಉಜ್ಜಿಕೊಂಡಿದ್ದ.

ತುದಿಗೆ ಇನ್ನು ಸ್ವಲ್ಪವೇ ದಾರಿ. ತಾನು ನಿಲ್ಲದೆ ಹೋದರೆ ಇವನೂ ನಿಲ್ಲುವುದಿಲ್ಲ. ನಿಮಗೆ ಹುಷಾರಿಲ್ಲ, ಕೂರಿ ಎಂದರೆ? ಓಡುತ್ತಾನೆ. ಮೊನ್ನೆ ಓಡಿದ ಹಾಗೆ ಟೋಪಿ ಬೀಸಿಕೊಂಡು ಓಡುತ್ತಾನೆ, ಆ ಗುಮ್ಮಟಗಳ ಪಕ್ಕದಲ್ಲೇ ಬೀಳುತ್ತಾನೆ. ನಾನು ನಿಂತರೆ ಮಾತ್ರ ನಿಲ್ಲುತ್ತಾನೆ. ನಿಂತರೆ, ಅರ್ಪಾ?

ಇನ್ನೂ ಎರಡು ಹೆಜ್ಜೆ ಇಟ್ಟ. ಆ ಎರಡು ಹೆಜ್ಜೆ ಯಾಕೆ ಇಟ್ಟೆನೆಂದು ಆಮೇಲೆ ಬಹಳ ಸಲ ಕೇಳಿಕೊಂಡ.

"ಬೀಗ್ರೇ," ಎಂದು ಎದೆ ಹಿಡಿದುಕೊಂಡು ಗೋರಿಯ ಗೋಡೆಗೆ ಒರಗಿ ಕುಳಿತ. "ನನ್ ಕೈಲಾಗಲ್ಲ. ನೀವೂ ಕೂತ್ಕೊಳ್ಳಿ. ನನ್ನನ್ನ ಬಿಟ್ಟು ಹೋಗ್ಬೇಡಿ."

ಶೇರ್‌ಗಾಜಿ ಕುಸಿದಂತೆ ಪಕ್ಕದಲ್ಲಿ ಕುಳಿತ. ಹಂಗಿಸಲಿಲ್ಲ. ಹಂಗಿಸದೇ ಇದ್ದದ್ದಕ್ಕೇ ಎಸೆನ್‌ಕುಲ್‌ಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು. ಅವನು ಫೋನು ತೆಗೆದು ಮಗನಿಗೆ ಹೇಳಿದ: ಕಾರು ತಗೊಂಡು ಗೋರಿಗಳ ತನಕ ಬಾ, ಬೇಗ ಬಾ, ನನಗಾಗ್ತಿಲ್ಲ. ಆಮೇಲೆ ಇಬ್ಬರೂ ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು ಕಾದರು. ಗೋಡೆಯಾಚೆ ಯಾರೋ ಮಲಗಿದ್ದರು. ಈಚೆ ಎರಡು ಹೃದಯಗಳು. ಒಂದು ಈಗಷ್ಟೇ ಕಲಿತದ್ದು, ಒಂದು ಸೋಲುತ್ತಿರುವುದು; ಹೊರಗಿನಿಂದ ನೋಡುವವರಿಗೆ ಎರಡರಲ್ಲೂ ಏನೂ ಕಾಣುವಂತಿರಲಿಲ್ಲ. ಇಷ್ಟು ದೊಡ್ಡ ಕೆಲಸ ಇಷ್ಟು ಸದ್ದಿಲ್ಲದೆ ನಡೆಯುತ್ತದಲ್ಲ ಎಂದು ಎಸೆನ್‌ಕುಲ್ ಬೆರಗಾದ. ಅದು ನಿಲ್ಲುವುದೂ ಇಷ್ಟೇ ಸದ್ದಿಲ್ಲದೆ.

ಕಾರಿನ ಶಬ್ದ ಕೇಳುವ ಹೊತ್ತಿಗೆ ಶೇರ್‌ಗಾಜಿಗೆ ದನಿ ಮರಳಿತು. "ಹೇಳಿರಲಿಲ್ವಾ... ಮುದಿ ಕುದುರೆ... ಕಂಬಳಿ ಹೊದ್ದಿದ್ರೆ ತುದಿ ಮುಟ್ತಿತ್ತು..."

"ಹೌದು," ಎಂದ ಎಸೆನ್‌ಕುಲ್. ಅವನಿಗೆ ಅಳು ಬರುವಷ್ಟು ಸಂತೋಷವಾಗಿತ್ತು.

ಆಸ್ಪತ್ರೆಯಲ್ಲಿ ಮಯ್ರಾಮ್ ಅವನ ಕಡೆಗೇ ಬಂದಳು. ಅವನು ಕೈ ಅಡ್ಡ ಮಾಡಿದ. "ಮೊದಲು ಬೀಗರಿಗೆ ಆ ಇಸಿಜಿ ತಂತಿ ಹಚ್ಚಿ ಡಾಕ್ಟರಮ್ಮಾ. ಗಂಡು ಕುದುರೆಯ ಎದೆ ಅಂತ ದಿನಾ ಹೇಳ್ಕೊಳ್ತಾರೆ. ಕಾಗದದ ಮೇಲೆ ನೋಡೋಣ."

"ನನಗ್ಯಾಕೆ?"

"ಹೆದರಿಕೆನಾ?"

"ಯಾರಿಗೆ ಹೆದರಿಕೆ? ಹಚ್ಚಮ್ಮಾ! ಎರಡು ಕಡೆ ಹಚ್ಚು!" ಶೇರ್‌ಗಾಜಿ ಅಂಗಿ ಬಿಚ್ಚಿ ಮಲಗಿದ.

ಯಂತ್ರದಿಂದ ಕಾಗದ ಇಳಿಯಿತು. ಮಯ್ರಾಮ್ ಅದನ್ನು ಓದಿದಳು. ದನಿ ಎತ್ತರಿಸದೆ ನರ್ಸಿಗೆ ಏನೋ ಹೇಳಿ, ಒಂದು ಮಾತ್ರೆ ತಂದಳು. "ಅಣ್ಣಾ, ಇದನ್ನ ಅಗಿದು ನುಂಗಿ. ಏಳ್ಬೇಡಿ. ಆಂಬುಲೆನ್ಸ್ ಬರ್ತಿದೆ." ಶೇರ್‌ಗಾಜಿ ಮೊದಲು ಅವಳನ್ನು, ಆಮೇಲೆ ಬೀಗನನ್ನು ನೋಡಿದ. ಆ ನೋಟದಲ್ಲಿದ್ದದ್ದು ಮರಿಯ ಭಯ. ಎಸೆನ್‌ಕುಲ್ ಅವನ ಟೋಪಿಯನ್ನು ತೆಗೆದುಕೊಂಡು ಮೊಣಕಾಲ ಮೇಲೆ ಇಟ್ಟುಕೊಂಡ, ನೆಲಕ್ಕೆ ತಾಗದ ಹಾಗೆ.

ಅವನನ್ನು ಸ್ಟ್ರೆಚರ್‌ನಲ್ಲಿ ಒಯ್ದ ಮೇಲೆ ಮಯ್ರಾಮ್ ಎಸೆನ್‌ಕುಲ್‌ನನ್ನು ಪರೀಕ್ಷಿಸಿದಳು. ಕಾರಿಡಾರಿನಲ್ಲಿ ನಡೆಸಿದಳು, ರಕ್ತದ ಒತ್ತಡ ನೋಡಿದಳು, ಮತ್ತೆ ತಂತಿ ಹಚ್ಚಿದಳು. ಎಲ್ಲವೂ ಚೆನ್ನಾಗಿತ್ತು. ಎರಡು ಸಲ ಕಾಗದ ನೋಡಿದಳು.

"ಏರಿನಲ್ಲಿ ನಿಂತ್ರಾ?"

"ನಿಂತೆ."

"ಯಾಕೆ ನಿಂತ್ರಿ?"

ಕಿಟಕಿಯ ಹೊರಗೆ, ಆಂಬುಲೆನ್ಸಿನ ಬಾಗಿಲಲ್ಲಿ, ಶೇರ್‌ಗಾಜಿ ನರ್ಸಿಗೆ ಹೇಳುತ್ತಿದ್ದುದು ಕೇಳಿಸುತ್ತಿತ್ತು: "ನಮ್ಮ ಬೀಗ ಬಿದ್ದೋದ ಅಂತ ನಾನೂ ಕೂತೆ ಕಣಮ್ಮಾ, ಇಲ್ಲಾಂದ್ರೆ ತುದಿಗೇ ಹೋಗಿರ್ತಿದ್ದೆ. ಅವನ ಎದೆ ಬರೀ ಹುಲ್ಲು. ಆ ಹುಲ್ಲಿನಿಂದ್ಲೇ ಬದುಕ್ದೆ ನೋಡು." ದನಿ ಸಣ್ಣಗಿತ್ತು. ಆದರೂ ಅದರಲ್ಲಿ ಹಳೆಯ ಜಂಬ ಮರಳಿತ್ತು. ಬಿಷ್ಕೆಕ್ ತಲುಪುವವರೆಗೆ ಆ ಉದ್ದ ದಾರಿಯಲ್ಲಿ ಅವನಿಗೆ ಹಿಡಿದುಕೊಳ್ಳಲು ಇದ್ದದ್ದು ಅಷ್ಟೇ.

"ಉಸಿರು ಸಾಲಲಿಲ್ಲ," ಎಂದ ಎಸೆನ್‌ಕುಲ್.

ಮಯ್ರಾಮ್ ಒಮ್ಮೆ ಕಿಟಕಿಯ ಕಡೆಗೆ, ಒಮ್ಮೆ ಅವನ ಕಡೆಗೆ ನೋಡಿದಳು. ಅವಳೂ ಈ ಊರಿನವಳೇ. "ಹಾಗಾದ್ರೆ ಈ ಬೇಸಿಗೆ ಕೆಳಗೇ, ಅಣ್ಣಾ," ಎಂದಳು. "ನಡಿಗೆ ಬಿಡಬೇಡಿ."

ಲಾರಿಗಳು ಅರ್ಪಾಕ್ಕೆ ಹೋದವು. ಮಗ ಹೋದ, ಸೊಸೆ ತನ್ನ ಅಪ್ಪ ಮರಳುವವರೆಗೆ ಉಳಿದು ಆಮೇಲೆ ಹೋದಳು, ಬಿಳಿ ಹೆಣ್ಣುಕುದುರೆ ಹೋಯಿತು. ಊರು ಅರ್ಧ ಖಾಲಿಯಾಯಿತು. ಎಸೆನ್‌ಕುಲ್ ದಿನವೂ ಗೋರಿಗುಡ್ಡ ಹತ್ತಿದ. ಜೊತೆಗೆ ಯಾರೂ ಇಲ್ಲದ್ದರಿಂದ ಗೋರಿಗಳೊಂದಿಗೆ ಮಾತಾಡಿದ. ತುದಿಯಲ್ಲಿ ನಿಂತು ತೆಂಕಣ ದಿಕ್ಕಿನ, ಅರ್ಪಾದ ಕಡೆಯ ಬೆಟ್ಟಗಳನ್ನು ನೋಡಿ ಇಳಿದು ಬಂದ.

ಶೇರ್‌ಗಾಜಿ ಎರಡು ಸ್ಟೆಂಟ್ ಹಾಕಿಸಿಕೊಂಡು, ಬೀಗರಿಗಿಂತ ಒಂದು ಹೆಚ್ಚು ಎಂದು ಸಾರುತ್ತ ಬಂದ. ಊರಲ್ಲಿ ಉಳಿದವರಿಗೆಲ್ಲ ಕಥೆ ಹೇಳಿದ: ಬೀಗನ ಹುಲ್ಲಿನ ಎದೆ ತನ್ನನ್ನು ಕಾಪಾಡಿದ ಕಥೆ. ಹೇಳಿದಷ್ಟೂ ಅವನ ಕೆನ್ನೆಗೆ ಬಣ್ಣ ಬಂತು. ಕೆಲವು ವಾರಗಳ ನಂತರ ಮಯ್ರಾಮ್ ಅವನಿಗೂ ನಡಿಗೆ ಬರೆದುಕೊಟ್ಟಳು. ಮೊದಮೊದಲು ಹಗುರ, ಹಾಡಲು ಬರುವಷ್ಟು.

ಹೊಳೆಯ ಪಕ್ಕದ ಮಟ್ಟಸ ದಾರಿಯಲ್ಲಿ ಇಬ್ಬರೂ ನಡೆದರು. ಶೇರ್‌ಗಾಜಿ ಹಾಡಿದ. ಅಷ್ಟು ಕೆಟ್ಟ ಹಾಡನ್ನು ಎಸೆನ್‌ಕುಲ್ ಬದುಕಿನಲ್ಲಿ ಕೇಳಿರಲಿಲ್ಲ. ರಾಗ ಒಂದು ಕಡೆ, ಕಾಲು ಒಂದು ಕಡೆ. ಆದರೂ ಒಂದೊಂದು ಸಾಲೂ ಕೊನೆಯವರೆಗೆ ತುಂಡಾಗದೆ ಬರುತ್ತಿತ್ತು. ಆ ಮಾಂಸದೊಳಗೆ, ಆ ಹೊಟ್ಟೆಯ ಮೇಲೆ, ಕತ್ತಲೆಯಲ್ಲಿ ಎರಡು ಎಸಳು ತೆರೆದು ಮುಚ್ಚುತ್ತ, ಒಂದು ಕೆಟ್ಟ ಹಾಡಿಗೆ ಬೇಕಾದ ಉಸಿರನ್ನು ಅಳೆದು ಅಳೆದು ಕೊಡುತ್ತಿದ್ದವು. ಎಸೆನ್‌ಕುಲ್ ಹೆಜ್ಜೆ ಸಣ್ಣದು ಮಾಡಿಕೊಂಡು ಕೇಳುತ್ತ ನಡೆದ.

ಹಾಡು ನಿಲ್ಲಿಸಿ ಶೇರ್‌ಗಾಜಿ ಕೇಳಿದ: "ಅಲ್ಲ ಬೀಗ್ರೇ, ಆವತ್ತು ನಿಜವಾಗ್ಲೂ ಅಷ್ಟು ಸುಸ್ತಾಗಿತ್ತಾ? ಕಥೆ ಹೇಳ್ತಾ ಚೆನ್ನಾಗೇ ಬರ್ತಿದ್ರಲ್ಲ."

"ಸುಸ್ತಾಗಿತ್ತು."

"ಪಾಪ," ಎಂದು ಶೇರ್‌ಗಾಜಿ ಅವನ ಹೆಗಲ ಮೇಲೆ ಕೈ ಹಾಕಿದ. "ಮುಂದಿನ ವರ್ಷ ನಾನೇ ನಿಮ್ಮನ್ನ ಅರ್ಪಾಗೆ ಕರ್ಕೊಂಡು ಹೋಗ್ತೀನಿ. ನಿಧಾನಕ್ಕೆ."

ಆವತ್ತು ಏರಿನಲ್ಲಿ ತನಗೆ ಸ್ವಲ್ಪವೂ ದಣಿವಾಗಿರಲಿಲ್ಲ ಎಂಬುದನ್ನು ಎಸೆನ್‌ಕುಲ್ ಅವನಿಗೆ ಹೇಳಲಿಲ್ಲ, ಬುರುಲ್‌ಗೂ ಹೇಳಲಿಲ್ಲ.